ಪೆಟ್ಟಿಗೆಯೊಳಗಿನ ಪದ

ಎರಡು ಮನೆ ಇದ್ದವರಿಗೆ ಸುಖವೂ ಎರಡು ಪಾಲು ಎಂದು ತಿಳಿದವರುಂಟು. ಅವರೆಲ್ಲ ಒಂದೇ ಮನೆಯಲ್ಲಿ ಇರುವವರು. ಎರಡು ಮನೆ ತೂಗಿಸುವ ಹೆಂಗಸನ್ನು ಕೇಳಿ ನೋಡಿ. ಬೇಕಾದ ವಸ್ತು ಯಾವಾಗಲೂ ಇನ್ನೊಂದು ಮನೆಯಲ್ಲೇ ಇರುತ್ತದೆ ಎನ್ನುತ್ತಾಳೆ. ಕನ್ನಡಕ ಅಲ್ಲಿ, ಅದರ ಡಬ್ಬಿ ಇಲ್ಲಿ. ಒಬ್ಬಟ್ಟಿನ ಹಂಚು ಇಲ್ಲಿ, ಹಬ್ಬ ಅಲ್ಲಿ. ಉಪ್ಪಿನಕಾಯಿ ಜಾಡಿ ತೆಗೆದುಕೊಂಡು ಹೋದರೆ ಮುಚ್ಚಳ ಹಿಂದೆಯೇ ಉಳಿದಿರುತ್ತದೆ.

ನಮ್ಮ ಯಜಮಾನರು 2010ರಲ್ಲಿ ನಿವೃತ್ತರಾದ ಮೇಲೆ ನಮ್ಮ ಬದುಕು ಹೀಗೆ ಎರಡು ಹೋಳಾಯಿತು. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು ಅವರ ಊರು. ಸಂಕ್ರಾಂತಿಗೆ ತುಸು ಮುಂಚೆ, ಮಾವು ಹೂ ಬಿಡುವ ಹೊತ್ತಿಗೆ ನಾವು ಊರು ಸೇರುತ್ತೇವೆ. ಜೂನ್ ತಿಂಗಳಲ್ಲಿ ಬಾದಾಮಿ ಕಾಯಿ ಕಿತ್ತು ಲೆಕ್ಕ ಮುಗಿದು, ಮೊಮ್ಮಗಳ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಮಗನ ಮನೆಗೆ ಬರುತ್ತೇವೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅರವತ್ತು ಕಿಲೋಮೀಟರು ದೂರ ಏನು ಮಹಾ ಎನ್ನಬೇಡಿ. ರೈಲಿಗೆ ಅದು ಸಣ್ಣ ದೂರ, ಸಂಸಾರಕ್ಕಲ್ಲ.

ಊರಿನ ಮನೆಯಲ್ಲಿ ಆಗ ನಮ್ಮ ಅತ್ತೆ ಇದ್ದರು. ಹಿಂದಿನ ಅಂಕಣದಲ್ಲಿ ಮೈದುನನ ಸಂಸಾರ. ಎಪ್ಪತ್ತೈದು ದಾಟಿದ್ದರೂ ಅತ್ತೆ ರೇಷ್ಮೆ ಹುಳ ಮೇಯಿಸುವುದನ್ನು ಬಿಟ್ಟಿರಲಿಲ್ಲ. ಬೆಂಗಳೂರಿಗೆ ಬನ್ನಿ ಎಂದಾಗಲೆಲ್ಲ ಒಂದು ನೆಪ ಸಿದ್ಧವಾಗಿರುತ್ತಿತ್ತು. ಹುಳ ಎರಡನೇ ಜ್ವರದಲ್ಲಿವೆ, ಸೊಪ್ಪು ತರುವವರಿಲ್ಲ, ಚಂದ್ರಿಕೆಗೆ ಬಿಡಬೇಕು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಕಳಿಸಬೇಕು. ಹುಳಕ್ಕೆ ಬಿಡುವು ಸಿಕ್ಕಿದರೆ ಅವರಿಗೆ ಸಿಕ್ಕುತ್ತಿರಲಿಲ್ಲ.

ಅತ್ತೆಗೆ ಸೋಬಾನೆ ಪದ ಬರುತ್ತಿತ್ತು. ಬರುತ್ತಿತ್ತು ಎಂದರೆ ಸಾಲದು; ಸುತ್ತಿನ ನಾಲ್ಕು ಊರಲ್ಲಿ ಚಪ್ಪರ ಹಾಕಿದರೆ ಅವರಿಗೆ ಕರೆ ಬರುತ್ತಿತ್ತು. ಅರಿಶಿನ ಕುಟ್ಟುವುದಕ್ಕೆ ಒಂದು ಪದ, ಹಸೆಗೆ ಕರೆಯುವುದಕ್ಕೆ ಒಂದು, ಆರತಿಗೆ ಒಂದು, ಹೆಣ್ಣು ಒಪ್ಪಿಸುವುದಕ್ಕೆ ಒಂದು. ನಾನು ಆ ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷವಾಗಿದ್ದರೂ ಒಂದು ಪದವನ್ನೂ ಕಲಿತಿರಲಿಲ್ಲ. ನಾಲ್ಕು ಅಕ್ಷರ ಓದಿದವಳು, ಭಾವಗೀತೆ ಹಾಡುವವಳು ಎಂಬ ಸಣ್ಣ ಹಮ್ಮು ನನಗಿತ್ತು. ಈಗ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

2013ರ ಶ್ರಾವಣದಲ್ಲಿ ಒಂದು ಕನ್ನಡ ವಾಹಿನಿಯವರು ಹಳ್ಳಿಯ ಹಾಡುಗಳನ್ನು ಚಿತ್ರಿಸಿಕೊಳ್ಳಲು ನಮ್ಮ ಕಡೆ ಬಂದರು. ಅತ್ತೆ ಮತ್ತು ಅವರ ಜೊತೆಯ ಮೂವರನ್ನು ಜಗಲಿಯ ಮೇಲೆ ಕೂರಿಸಿ ಅರ್ಧ ದಿನ ಹಾಡಿಸಿದರಂತೆ. ಪ್ರಸಾರವಾದದ್ದು ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ. ನಾವು ಆಗ ಬೆಂಗಳೂರಿನಲ್ಲಿ. ಊರಿನಲ್ಲಿ ಅತ್ತೆ ಹೊಸ ಸೀರೆ ಉಟ್ಟು, ಅಕ್ಕಪಕ್ಕದವರನ್ನೆಲ್ಲ ಕರೆದು ಟಿ.ವಿ. ಮುಂದೆ ಕೂತರು. ಕಾರ್ಯಕ್ರಮ ಶುರುವಾಗಲು ಐದು ನಿಮಿಷ ಇದೆ ಎನ್ನುವಾಗ ಕರೆಂಟು ಹೋಯಿತು. ಬಂದದ್ದು ಮಧ್ಯಾಹ್ನ.

ಆದರೆ ಬೆಂಗಳೂರಿನಲ್ಲಿ ನಾನು ಅದನ್ನು ಹಿಡಿದಿಟ್ಟಿದ್ದೆ! ಮಗ ಅದೇ ವರ್ಷ ರೆಕಾರ್ಡ್ ಮಾಡುವ ಸೆಟ್‌ಟಾಪ್ ಪೆಟ್ಟಿಗೆ ಹಾಕಿಸಿದ್ದ. ಒಳಗೆ ಕಂಪ್ಯೂಟರಿನಲ್ಲಿರುವಂಥ ಹಾರ್ಡ್ ಡಿಸ್ಕು. ರಿಮೋಟಿನ ಕೆಂಪು ಗುಂಡಿ ಒತ್ತಿದರೆ ಸಾಕು. ನಾನು ಸ್ನಾನಕ್ಕೆ ಹೋದರೂ, ಒಲೆಯ ಮುಂದೆ ನಿಂತರೂ ಅದು ತನ್ನ ಪಾಡಿಗೆ ತಾನು ಹಿಡಿದಿಟ್ಟುಕೊಳ್ಳುತ್ತಿತ್ತು. ಧಾರಾವಾಹಿ ನೋಡುವ ಹೊತ್ತಿಗೇ ನೆಂಟರು ಬರುವ ನಮ್ಮಂಥ ಮನೆಗೆ ಇದಕ್ಕಿಂತ ದೊಡ್ಡ ವರ ಬೇಕೆ? ಅತ್ತೆಗೆ ಫೋನ್ ಮಾಡಿ, "ಯೋಚನೆ ಮಾಡಬೇಡಿ, ನಿಮ್ಮ ಪದ ಪೆಟ್ಟಿಗೆಯೊಳಗೆ ಭದ್ರವಾಗಿದೆ. ಇಲ್ಲಿಗೆ ಬನ್ನಿ, ತೋರಿಸುತ್ತೇನೆ" ಎಂದೆ.

"ಎಂಗ್ ಬರ್ಲವ್ವಾ? ಹುಳ ನಾಲ್ಕನೇ ಜ್ವರ ಎದ್ದವೆ" ಎಂದರು. ನಾಲ್ಕನೇ ಜ್ವರ ಎದ್ದ ಹುಳ ಹಗಲು ರಾತ್ರಿ ಎನ್ನದೆ ತಿನ್ನುತ್ತದೆ. ಸೊಪ್ಪು ಹಾಕುವ ಕೈ ಒಂದು ಹೊತ್ತು ತಪ್ಪಿದರೂ ಗೂಡು ತೆಳುವಾಗುತ್ತದೆ. ನಾನು ಬಲವಂತ ಮಾಡಲಿಲ್ಲ. ಅಂದಿನಿಂದ ವಾರಕ್ಕೊಮ್ಮೆ ಫೋನಿನಲ್ಲಿ ಒಂದೇ ವಿಚಾರಣೆ.

"ನನ್ ಪದ ಅಲ್ಲೇ ಅದಾ?"

"ಇದೆ ಅತ್ತೆ."

"ಹುಳ ಗಿಳ ಹಿಡಿಯಾಕಿಲ್ವಾ?"

ನಾನು ನಕ್ಕುಬಿಡುತ್ತಿದ್ದೆ. ಡಿಸ್ಕಿಗೆ ಎಲ್ಲಾದರೂ ಹುಳ ಹಿಡಿಯುತ್ತದೆಯೇ!

ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನದು ಆಗ ಗುಂಡಿ ಒತ್ತುವ ಫೋನು. ಮಗನಿಗೆ ಹೇಳಿದೆ. "ಮುಂದಿನ ಭಾನುವಾರ ತೆಗೀತೀನಿ ಅಮ್ಮ" ಎಂದ. ಅವನನ್ನು ದೂರಿ ಫಲವಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಪೆಟ್ಟಿಗೆಯಲ್ಲಿ ಇದೆಯಲ್ಲ, ಎಲ್ಲಿ ಹೋಗುತ್ತದೆ ಎಂಬ ಧೈರ್ಯ.

ಸಂಕ್ರಾಂತಿ ಹತ್ತಿರ ಬಂತು. ಊರಿಗೆ ಹೊರಡುವಾಗ ಪೆಟ್ಟಿಗೆಯನ್ನೇ ಕಿತ್ತುಕೊಂಡು ಹೊರಟೆ. ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಎಳ್ಳು ಬೆಲ್ಲದ ಡಬ್ಬಿಯ ಪಕ್ಕ ಚೀಲದಲ್ಲಿಟ್ಟು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಕೂತೆ. "ಕೂಸನ್ನ ಕರ್ಕೊಂಡು ಹೋದ ಹಾಗಿದೆ" ಎಂದು ಯಜಮಾನರು ನಕ್ಕರು. ಚನ್ನಪಟ್ಟಣದಲ್ಲಿ ಇಳಿದು ಆಟೋ ಹಿಡಿದು ಹೊಂಗನೂರು ಮುಟ್ಟಿದಾಗ ಅತ್ತೆ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಚೀಲವನ್ನು.

ಕಾಲು ತೊಳೆದವಳೇ ಪೆಟ್ಟಿಗೆಯನ್ನು ಟಿ.ವಿ.ಗೆ ಜೋಡಿಸಿದೆ. ಬೀದಿಯ ಹೆಂಗಸರೆಲ್ಲ ಸೇರಿದರು. ನನಗೆ 1987ರ ಭಾನುವಾರಗಳು ನೆನಪಾದವು. ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದಾಗ ಹೀಗೆಯೇ ಒಂದೇ ಟಿ.ವಿ.ಯ ಮುಂದೆ ಇಡೀ ಬೀದಿ ಕೂರುತ್ತಿತ್ತು. ಗುಂಡಿ ಒತ್ತಿದೆ. ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಸಿಗ್ನಲ್ ಇಲ್ಲ.

ಆಗ ಗೊತ್ತಾಯಿತು ನನ್ನ ದಡ್ಡತನ. ಊರಿನ ಮನೆಯ ಮೇಲೆ ಮೈದುನ ಹಾಕಿಸಿದ್ದು ಸರ್ಕಾರದ ಉಚಿತ ಛತ್ರಿ. 2004ರ ಡಿಸೆಂಬರಿನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂದು ಶುರುವಾಗಿ ಈಗ ಫ್ರೀ ಡಿಶ್ ಎಂದು ಕರೆಸಿಕೊಳ್ಳುವುದು ಅದೇ. ಒಮ್ಮೆ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ನನ್ನ ಪೆಟ್ಟಿಗೆಯ ಕಂಪನಿಯದು ಬೇರೆ ಉಪಗ್ರಹ. ಈ ಛತ್ರಿಯ ಮುಖ ಒಂದು ಕಡೆ, ಆ ಉಪಗ್ರಹ ಇನ್ನೊಂದು ಕಡೆ. ಹಿಡಿದಿಟ್ಟ ಹಾಡು ಒಳಗೇ ಇದ್ದರೂ, ಒಮ್ಮೆ ಕರೆಂಟು ತಪ್ಪಿಸಿ ಮತ್ತೆ ಹಾಕಿದ ನನ್ನ ಪೆಟ್ಟಿಗೆ ಮೇಲಿನಿಂದ ಅಪ್ಪಣೆ ಬಾರದೆ ಬಾಯಿ ಬಿಡಲೊಲ್ಲದು.

ಮಾರನೆಯ ದಿನ ಚನ್ನಪಟ್ಟಣದಿಂದ ಒಬ್ಬ ಹುಡುಗ ಬಂದ. ಸೂರಿನ ಮೇಲೆ ಹತ್ತಿ ತಿರುಪು ಸಡಿಲಿಸಿ ಛತ್ರಿಯನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸತೊಡಗಿದ. ಕೆಳಗಿನಿಂದ ನಾನು "ಬಂತು, ಹೋಯಿತು" ಎಂದು ಕೂಗುವುದು. ನಮ್ಮ ಕಡೆ ಈ ಛತ್ರಿಗಳೆಲ್ಲ ಹೆಚ್ಚು ಕಡಿಮೆ ಆಗ್ನೇಯಕ್ಕೇ ಮುಖ ಮಾಡಿರುತ್ತವೆ. ಅಡುಗೆಮನೆಗೆ ಹೇಳಿದ ದಿಕ್ಕು! ಉಪಗ್ರಹಗಳು ನಿಂತಿರುವುದು ಭೂಮಧ್ಯರೇಖೆಯ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ. ಭೂಮಿ ಸುತ್ತಿದಷ್ಟೇ ವೇಗದಲ್ಲಿ ಅವೂ ಸುತ್ತುವುದರಿಂದ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತ ಹಾಗೆ. ಅಷ್ಟು ದೂರದಿಂದ ಬರುವ ಸಣ್ಣ ಅಲೆಯಾದ್ದರಿಂದಲೇ ಒಂದು ದೊಡ್ಡ ಮಳೆ ಬಂದರೆ ಚಿತ್ರ ಚೂರು ಚೂರಾಗುವುದು.

ಹುಡುಗ ಮೇಲೆ ಒದ್ದಾಡುತ್ತಿರುವಾಗ ಅತ್ತೆಗೆ ಬೇಸರವಾಗದಿರಲೆಂದು ಒಂದು ಕಥೆ ಹೇಳಿದೆ. ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯವರು ರಾಯಚೂರಿನ ಕಡೆಯವರು. ಅವರು ಹುಡುಗಿಯಾಗಿದ್ದಾಗಲೇ ಅವರ ಸೀಮೆಯ ಹಳ್ಳಿಗಳಿಗೆ ಉಪಗ್ರಹದ ಟಿ.ವಿ. ಬಂದಿತ್ತಂತೆ. ಅದು ಸೈಟ್ ಎಂಬ ಪ್ರಯೋಗ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದೇ ವರ್ಷ ನಡೆದದ್ದು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು; ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳವು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿಯ ಛತ್ರಿ. ಬೇಸಾಯ, ಆರೋಗ್ಯ, ಮಕ್ಕಳ ಪಾಠ, ಎಲ್ಲ ಕನ್ನಡದಲ್ಲಿ. ಬೆಂಗಳೂರಿನಲ್ಲೇ ದೂರದರ್ಶನ ಕಣ್ಣು ಬಿಡದ ಕಾಲ ಅದು! ಆ ಉಪಗ್ರಹ ಅಮೆರಿಕದವರದು, ಎ.ಟಿ.ಎಸ್.-6 ಎಂದು ಹೆಸರು. ಮೊದಲು ಅದು ಅವರ ದೇಶದ ಕಡೆ ಇತ್ತು. ನಮಗಾಗಿ ಅದನ್ನು ಆಫ್ರಿಕಾದ ಮೇಲಕ್ಕೆ ಸರಿಸಿದರು. ವರ್ಷ ಮುಗಿದದ್ದೇ ಮತ್ತೆ ತಮ್ಮ ಕಡೆಗೆ ಕರೆದುಕೊಂಡರು. ಟಿ.ವಿ. ಕುರುಡಾಯಿತು.

ಅತ್ತೆ ಗಮನವಿಟ್ಟು ಕೇಳಿ, "ನಿನ್ನಂಗೇ ಅನ್ನು. ಒಂದಷ್ಟು ದಿನ ಅಲ್ಲಿ, ಒಂದಷ್ಟು ದಿನ ಇಲ್ಲಿ" ಎಂದರು.

ಅಷ್ಟರಲ್ಲಿ ಮೇಲಿನಿಂದ ಹುಡುಗ, "ನೋಡಿ ಅಮ್ಮಾ ಈಗ" ಎಂದು ಕೂಗಿದ. ಬಂದಿತ್ತು.

ಜಗಲಿಯ ಮೇಲಿನ ಅತ್ತೆ ಪರದೆಯಲ್ಲಿ, ನಡುಮನೆಯ ಅತ್ತೆ ಚಾಪೆಯ ಮೇಲೆ. ಮೊದಲು ಬಂದ ಮಾತು, "ಸೆರಗ ಸರಿಯಾಗಿ ಹೊದ್ದಿಲ್ವಲ್ಲವ್ವಾ, ಯಾರೂ ಹೇಳಬಾರದಿತ್ತಾ?" ಆಮೇಲೆ ಸುಮ್ಮನೆ ಕೇಳಿದರು. ನಾಲ್ಕು ನಿಮಿಷದಲ್ಲಿ ಹಾಡು ಮುಗಿದು ಸೋಪಿನ ಜಾಹೀರಾತು ಬಂತು. ಎಲ್ಲರೂ ಹಿಗ್ಗಿದರು. ಅತ್ತೆ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು.

"ಇದೇನವ್ವಾ, ಮೂರು ಸೊಲ್ಲು ಹೇಳ್ಬುಟ್ಟು ಆರತಿಗೆ ಹೋಗ್ಬುಟ್ರು? ನಡುವೆ ಹೆಣ್ಣ ಒಪ್ಪಿಸೋದು ಎಲ್ಲೋಯ್ತು?"

"ಅವರಿಗೆ ಸಮಯ ಇರಲ್ಲ ಅತ್ತೆ. ಕತ್ತರಿಸಿರುತ್ತಾರೆ."

"ಹೆಣ್ಣ ಒಪ್ಪಿಸ್ದೆ ಮದುವೆ ಎಂಗ್ ಮುಗೀತದೆ?" ಎಂದು ಎದ್ದು ಹುಳದ ಮನೆಗೆ ಹೋದರು.

ಅರ್ಧ ದಿನ ಕೂತು ಹಾಡಿದ್ದು ನಾಲ್ಕು ನಿಮಿಷವಾಗಿತ್ತು. ನನಗೆ ಹಾಡು ಬಂತು ಎನ್ನಿಸಿತ್ತು. ಅವರಿಗೆ ಹೋಯಿತು ಎನ್ನಿಸಿತ್ತು.

ಆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತೆವು. ಸೊಗಡಿನ ಅವರೆಯ ಕಾಲ. ಕಾಳು ಸುಲಿದು ನೆನೆಸಿಟ್ಟರೆ ನಾಳೆ ಹಿಸುಕಿದ ಬೇಳೆಯ ಸಾರು. ಅತ್ತೆ ಯಾರಿಗೂ ಹೇಳದೆ ಕೇಳದೆ ಹಾಡತೊಡಗಿದರು. ಕತ್ತರಿಸಿದ ಜಾಗದಿಂದಲೇ ಶುರು. ಹೆಣ್ಣನ್ನು ಒಪ್ಪಿಸುವ ತಾಯಿ ಮಗಳ ಒಂದೊಂದೇ ಗುಣ ಹೇಳುತ್ತಾಳೆ, ಒಂದೊಂದೇ ಅಳುಕು ಹೇಳುತ್ತಾಳೆ, ಬೀಗಿತ್ತಿಯ ಕೈ ಹಿಡಿದು ಬೇಡುತ್ತಾಳೆ. ಸೊಲ್ಲಿನ ಮೇಲೆ ಸೊಲ್ಲು. ನನ್ನ ಮದುವೆಯ ದಿನ ಇದೇ ಪದ ನನ್ನ ಕಿವಿಯ ಪಕ್ಕದಲ್ಲೇ ನಡೆದಿತ್ತು. ನಾನು ಅಳುವುದರಲ್ಲಿ ಮಗ್ನಳಾಗಿದ್ದೆ. ಅರ್ಥ ಕಿವಿಗೆ ಬಿದ್ದದ್ದು ಮೂವತ್ತೈದು ವರ್ಷದ ಮೇಲೆ, ಅವರೆಕಾಯಿಯ ಸಿಪ್ಪೆಯ ನಡುವೆ. ನಾನು ಕಣ್ಣು ಒರೆಸಿಕೊಂಡದ್ದನ್ನು ನೋಡಿ ಅತ್ತೆ, "ಸೊಗಡು ಕಣ್ಣಿಗೆ ಬಿತ್ತಾ?" ಎಂದರು. ಗೊತ್ತಿದ್ದೇ ಕೇಳಿದರು.

"ಹಿಂದೆ ಹೇಳು" ಎಂದು ಅವರೇ ಶುರುಮಾಡಿದರು. ಆ ಚಳಿಗಾಲ ದಿನಕ್ಕೊಂದು ಸೊಲ್ಲು. ಮಾವಿನ ಕಾಯಿ ಬಲಿಯುವ ಹೊತ್ತಿಗೆ ನನಗೆ ಹನ್ನೊಂದು ಸೊಲ್ಲು ಬಾಯಿಗೆ ಬಂದಿತ್ತು. ಉಳಿದದ್ದು ಮುಂದಿನ ಸುಗ್ಗಿಗೆ ಎಂದು ಬೆಂಗಳೂರಿಗೆ ಹೊರಟೆ. ಪೆಟ್ಟಿಗೆಯೂ ಜೊತೆಗೆ. ಛತ್ರಿ ತಿರುಗಿಸಿದ್ದರಿಂದ ಓರಗಿತ್ತಿಯ ಉಚಿತ ವಾಹಿನಿಗಳು ಹೋಗಿ ಮನೆಯಲ್ಲಿ ಒಂದು ವಾರ ಮುಖ ಗಂಟಾಗಿತ್ತು. ಅದನ್ನು ಹಿಂದಿನಂತೆ ತಿರುಗಿಸಿ, ನಮ್ಮ ಪೆಟ್ಟಿಗೆಗೆಂದೇ ಪಕ್ಕದಲ್ಲಿ ಎರಡನೆಯ ಛತ್ರಿ ಹಾಕಿಸಿದ್ದೆವು. ಎರಡು ಮನೆಯಲ್ಲೂ ಒಂದೇ ಕಂಪನಿಯ ಛತ್ರಿ, ನಡುವೆ ಓಡಾಡುವ ಒಂದೇ ಪೆಟ್ಟಿಗೆ, ಒಂದೇ ಬಾಡಿಗೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ಸುಗ್ಗಿಯಲ್ಲಿ ಅತ್ತೆಗೆ ಕೆಮ್ಮು ಹಿಡಿದಿತ್ತು. ಹಾಡು ಹೇಳಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ವಾಸಿಯಾಗಲಿ ಎಂದುಕೊಂಡೆ. 2015ರ ಡಿಸೆಂಬರಿನಲ್ಲಿ, ನಾವು ಊರಿಗೆ ಹೊರಡಲು ಇನ್ನೂ ಮೂರು ವಾರ ಇರುವಾಗ, ಅತ್ತೆ ಹೋದರು.

ಆಗಲೂ ನನಗೊಂದು ಸಮಾಧಾನವಿತ್ತು. ನಾಲ್ಕು ನಿಮಿಷವಾದರೂ ಅವರ ದನಿ, ಅವರ ಮುಖ, ಜಾರಿದ ಆ ಸೆರಗು ಪೆಟ್ಟಿಗೆಯಲ್ಲಿದೆ. ತಿಥಿಯ ದಿನ ಎಲ್ಲರಿಗೂ ತೋರಿಸಿದೆ. 2016ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಪೆಟ್ಟಿಗೆ ಹತ್ತಲಿಲ್ಲ. ಕಂಪನಿಯ ಹುಡುಗ ಬಂದ, ಕಿವಿಗೊಟ್ಟು ಕೇಳಿದ, ಒಳಗೆ ಟಿಕ್ ಟಿಕ್ ಎನ್ನುವುದು ಡಿಸ್ಕು ಎಂದ. ಹೊಸ ಪೆಟ್ಟಿಗೆ ಇಟ್ಟು ಹಳೆಯದನ್ನು ಕೈಗೆತ್ತಿಕೊಂಡ.

"ಒಳಗಿರುವುದು?" ಎಂದೆ.

"ಅದು ಬರೋದಿಲ್ಲ ಆಂಟಿ. ಇದರಲ್ಲಿ ಹೊಸದಾಗಿ ರೆಕಾರ್ಡ್ ಮಾಡ್ಕೊಳ್ಳಿ" ಎಂದ. ಹುಡುಗ ಒಳ್ಳೆಯವನೇ. ಅವನಿಗೇನು ಗೊತ್ತು?

ಡಿಸ್ಕನ್ನು ಬಿಚ್ಚಿಸಿ ರಿಪೇರಿಯವರಿಗೆ ಕೊಡೋಣ ಎಂದೆ. ಮಗ ನಿಧಾನವಾಗಿ ವಿವರಿಸಿದ. ಅದರೊಳಗಿನದು ಆ ಒಂದು ಪೆಟ್ಟಿಗೆಗೆ ಮಾತ್ರ ತಿಳಿಯುವ ಬೀಗದಲ್ಲಿದೆಯಂತೆ. ಡಿಸ್ಕು ಸರಿಹೋದರೂ ಬೇರೆ ಯಂತ್ರ ಅದನ್ನು ಓದಲಾರದು. ಪೆಟ್ಟಿಗೆ ಸರಿಯಿದ್ದಾಗಲೂ ನಾವು ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ್ದರೆ ಅದನ್ನು ನೋಡಲು ಬಿಡುತ್ತಿರಲಿಲ್ಲವಂತೆ. ನಮ್ಮ ಅತ್ತೆಯ ಪದವನ್ನು ನೋಡುವುದಕ್ಕೆ ನಾವು ಇಷ್ಟು ದಿನ ಬಾಡಿಗೆ ಕೊಡುತ್ತಿದ್ದೆವು! ನಮ್ಮ ಮನೆಯಲ್ಲಿದ್ದರೂ ಅದು ನಮ್ಮದಾಗಿರಲಿಲ್ಲ. ವಾಹಿನಿಗೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಮೊಮ್ಮಗಳು ಯೂಟ್ಯೂಬಿನಲ್ಲಿ ಹುಡುಕಿದಳು, ಸಿಗಲಿಲ್ಲ. ಹಳೆಯ ಟ್ರಂಕಿನಲ್ಲಿ ನಾದಿನಿಯ ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ ಒಂದಿತ್ತು. ಅಲ್ಲೆಲ್ಲಾದರೂ ಅತ್ತೆ ಹಾಡಿರಬಹುದೆಂದು ತೆಗೆದು ನೋಡಿದರೆ ಸುರುಳಿಯ ತುಂಬ ಬೂಷ್ಟು. ಹುಳ ಗಿಳ ಹಿಡಿಯಾಕಿಲ್ವಾ ಎಂದು ಅವರು ಕೇಳಿದ್ದು ತಮಾಷೆಯಲ್ಲ.

2018ರಲ್ಲಿ ಹೊಂಗನೂರಿನಲ್ಲಿ ಮೈದುನನ ಮಗಳ ಮದುವೆ. ಹೆಣ್ಣು ಒಪ್ಪಿಸುವ ಹೊತ್ತು. ಹಾಡುವವರು ಯಾರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನೇ ಶುರುಮಾಡಿದೆ. ದನಿ ನಡುಗುತ್ತಿತ್ತು. ಐದನೆಯ ಸೊಲ್ಲಿಗೆ ತಪ್ಪಿದೆ. ಅತ್ತೆಯ ಜೊತೆಯ ಮುದುಕಿಯೊಬ್ಬರು ಮೂಲೆಯಿಂದ ಎತ್ತಿಕೊಂಡರು. ಹನ್ನೊಂದು ಮುಗಿಸಿ ನಾನು ನಿಲ್ಲಿಸಿದರೆ, "ಅಲ್ಲಿಗೇ ಬುಟ್ರೆ ಎಂಗವ್ವಾ?" ಎಂದು ಇನ್ನೂ ಆರು ಸೊಲ್ಲು ಹೇಳಿದರು. ಅದರಲ್ಲಿ ಎರಡು ನಮ್ಮ ಅತ್ತೆ ಜಗಲಿಯಲ್ಲಿ ಹಾಡಿದ ನೆನಪೇ ನನಗಿಲ್ಲ. ಮದುವೆಯಾದ ಮೂರನೇ ದಿನ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಸಿಕೊಂಡು ಬರೆದುಕೊಂಡೆ. ಮಗನ ಫೋನಿನಲ್ಲಿ ದನಿಯನ್ನೂ ಹಿಡಿದೆ. ಈ ಸಲ ಮುಂದಿನ ಭಾನುವಾರಕ್ಕೆ ಬಿಡಲಿಲ್ಲ.

ಟಿ.ವಿ.ಯನ್ನು ಬೈಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಅದು ಅರ್ಧ ಹಾಡಿ ನಿಲ್ಲಿಸದಿದ್ದರೆ ಅತ್ತೆಗೆ ಸಿಟ್ಟು ಬರುತ್ತಿರಲಿಲ್ಲ, ನನಗೆ ಹನ್ನೊಂದು ಸೊಲ್ಲೂ ಸಿಕ್ಕುತ್ತಿರಲಿಲ್ಲ. ನಾವು ಈಗಲೂ ಎರಡು ಮನೆಯಲ್ಲೂ ಟಿ.ವಿ. ನೋಡುತ್ತೇವೆ. 2019ರಲ್ಲಿ ವಾಹಿನಿಗಳನ್ನು ಆರಿಸಿಕೊಳ್ಳುವ ಹೊಸ ನಿಯಮ ಬಂದು, ಮೊದಲ ನೂರು ವಾಹಿನಿಗೆ 130 ರೂಪಾಯಿ, ಅದರ ಮೇಲೆ ತೆರಿಗೆ, ಬೇಕಾದ್ದಕ್ಕೆ ಬೇರೆ ಎಂದಾಗ ಯಜಮಾನರು ಕಾಗದ ಪೆನ್ಸಿಲ್ ಹಿಡಿದು ಎರಡು ದಿನ ಕೂತಿದ್ದರು. ನೋಡದ ವಾಹಿನಿಗಳನ್ನೆಲ್ಲ ಹೊಡೆದುಹಾಕಿದರು. ಮನೆಯಲ್ಲಿ ನೋಡುವುದು ಆರು ಎಂದು ಆಗ ಗೊತ್ತಾಯಿತು.

ಆದರೆ ಬೇಕೇಬೇಕಾದ್ದನ್ನು ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಾಗಿರುವುದನ್ನು ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಹಾಡುವವರು, ಕಥೆ ಹೇಳುವವರು, ಬಾಣಂತಿ ಮದ್ದು ಗೊತ್ತಿರುವವರು ಇದ್ದರೆ ಇವತ್ತೇ ಪಕ್ಕದಲ್ಲಿ ಕೂತು ಹಿಂದೆ ಹೇಳಿ. ಕೈಯಲ್ಲಿ ಅವರೆಕಾಯಿ ಇದ್ದರೆ ಇನ್ನೂ ಒಳ್ಳೆಯದು.

ಹದಿನೇಳು ಸೊಲ್ಲನ್ನು ಎರಡು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಒಂದು ಬೆಂಗಳೂರಿನಲ್ಲಿ ದೇವರ ಗೂಡಿನ ಕೆಳಗಿದೆ. ಇನ್ನೊಂದು ಹೊಂಗನೂರಿನಲ್ಲಿ, ಅತ್ತೆಯ ಸೀರೆಯ ಟ್ರಂಕಿನಲ್ಲಿ. ನಮ್ಮ ಸಂಸಾರದಲ್ಲಿ ಎರಡು ಮನೆಯಲ್ಲೂ ಇರುವ ವಸ್ತು ಅದೊಂದೇ.